ಕ್ಲೆಮೆಂಟೆ ಮ್ಯೂಸಿಯಂ, ಪಿಟ್ಸ್‌ಬರ್ಗ್: ಊರಿನ ನಂಟು ಬಿಡದ ಆಟಗಾರನ ನೆನಪಿನ ಮನೆ

ಪಿಟ್ಸ್‌ಬರ್ಗ್ ನಗರದ ಲಾರೆನ್ಸ್‌ವಿಲ್ ಬಡಾವಣೆಯಲ್ಲಿ, ಪೆನ್ ಅವೆನ್ಯೂ ಮತ್ತು ಬಟ್ಲರ್ ಬೀದಿ ಕೂಡುವ ಜಾಗದ ಹತ್ತಿರ, 1896ರಲ್ಲಿ ಕಟ್ಟಿದ ಇಟ್ಟಿಗೆಯ ಅಗ್ನಿಶಾಮಕ ಠಾಣೆಯೊಂದಿದೆ. ‘ಎಂಜಿನ್ ಹೌಸ್ 25’ ಎಂದು ಹೆಸರಾದ ಆ ಕಟ್ಟಡದಲ್ಲಿ ಈಗ ಬೆಂಕಿ ಆರಿಸುವ ಬಂಡಿಗಳಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕಕ್ಕೆ ಸೇರಿದ ಪೋರ್ಟೊ ರಿಕೊ ದ್ವೀಪದ ಬೇಸ್‌ಬಾಲ್ ಆಟಗಾರ ರೊಬೆರ್ಟೊ ಕ್ಲೆಮೆಂಟೆ ಅವರ ಹೆಸರಿನ ಮ್ಯೂಸಿಯಂ ಇದೆ. ಬೇಸಿಗೆ ಕಳೆಯಲು ಊರಿನಿಂದ ಬಂದಿದ್ದ ನನ್ನ ತಂದೆಯವರನ್ನೂ ಹನ್ನೊಂದು ವರ್ಷದ ಮಗಳನ್ನೂ ಕರೆದುಕೊಂಡು ನಾನು ಅಲ್ಲಿಗೆ ಹೋಗಿ ಬಂದೆ. ಬೇಸ್‌ಬಾಲ್‌ನ ಗಂಧವೇ ಇಲ್ಲದ ಕನ್ನಡ ಕುಟುಂಬಗಳು ಈ ಜಾಗವನ್ನು ತಮಗೆ ಸಂಬಂಧಿಸಿದ್ದಲ್ಲವೆಂದು ದಾಟಿ ಹೋಗುವುದನ್ನು ನೋಡಿದ್ದೇನೆ. ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನಕ್ಕೆಂದು ಬೇರೆ ರಾಜ್ಯಗಳಿಂದ ಬರುವ ನಮ್ಮವರು ದರ್ಶನ ಮುಗಿಸಿ, ಪ್ರಸಾದ ತಿಂದು, ನೇರ ಹೆದ್ದಾರಿ ಹಿಡಿಯುತ್ತಾರೆ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ ವ್ಯವಸ್ಥೆಯ ಮಾತು. ಇಲ್ಲಿಗೆ ಮೊದಲೇ ಸಮಯ ಕಾಯ್ದಿರಿಸಿಕೊಂಡು ಹೋಗಬೇಕು. ದಾರಿಯಲ್ಲಿ ಹೋಗುತ್ತ ಹಾಗೆಯೇ ಒಳಹೊಕ್ಕು ನೋಡಿ ಬರುವ ಜಾಗ ಇದಲ್ಲ. ಒಬ್ಬ ಮಾರ್ಗದರ್ಶಿ ಒಂದು ಗುಂಪನ್ನು ಕರೆದುಕೊಂಡು ಹೋಗಿ, ಒಂದೊಂದು ವಸ್ತುವಿನ ಮುಂದೆಯೂ ನಿಂತು, ಅದರ ಕಥೆಯನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ. ಬೇರೊಂದು ಊರಿನ ದೊಡ್ಡ ಕ್ರೀಡಾ ಸಂಗ್ರಹಾಲಯಕ್ಕೆ ಹಿಂದೊಮ್ಮೆ ಹೋಗಿದ್ದಾಗ ಕಿವಿಗೆ ಯಂತ್ರ ಸಿಕ್ಕಿಸಿ ಬಿಟ್ಟುಬಿಟ್ಟಿದ್ದರು. ಒಂದು ಗಂಟೆ ತಿರುಗಿದರೂ ಯಾರೊಂದಿಗೂ ಒಂದು ಮಾತಾಡದೆ, ಮನಸ್ಸಿನಲ್ಲಿ ಏನೂ ನಿಲ್ಲದೆ ಹೊರಬಂದಿದ್ದೆವು. ಇಲ್ಲಿ ಹಾಗಾಗಲಿಲ್ಲ. ನನ್ನ ತಂದೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗಳನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ. ಮಾರ್ಗದರ್ಶಿ ಉತ್ತರ ಹೇಳುವಾಗ ನನ್ನ ಮುಖ ನೋಡದೆ ತಂದೆಯವರ ಮುಖವನ್ನೇ ನೋಡಿ ಹೇಳುತ್ತಿದ್ದರು. ಇಂಥ ಸಣ್ಣ ಮರ್ಯಾದೆಗಳು ವಯಸ್ಸಾದವರಿಗೆ ಎಷ್ಟು ಮುಖ್ಯವೆಂಬುದು ಅವರನ್ನು ಜೊತೆಯಲ್ಲಿ ಕರೆದುಕೊಂಡು ಹೋಗುವವರಿಗೆ ಗೊತ್ತು.

ಈ ಮ್ಯೂಸಿಯಂ ಸರ್ಕಾರದ್ದಲ್ಲ, ಕ್ಲೆಮೆಂಟೆ ಆಡುತ್ತಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಆಡಳಿತದ್ದೂ ಅಲ್ಲ. ಡ್ವೇನ್ ರೀಡರ್ ಎಂಬ ಛಾಯಾಗ್ರಾಹಕರು ಕ್ಲೆಮೆಂಟೆ ಅವರ ಮೇಲಿನ ಅಭಿಮಾನದಿಂದ ಕಟ್ಟಿ ಬೆಳೆಸಿದ್ದು. ಹಳೆಯ ಠಾಣೆಯನ್ನು ಅವರು ಕೊಂಡು, ದುರಸ್ತಿ ಮಾಡಿಸಿ, ಕ್ಲೆಮೆಂಟೆ ಕುಟುಂಬದ ವಿಶ್ವಾಸವನ್ನು ಗಳಿಸಿ, ಬ್ಯಾಟುಗಳು, ಸಮವಸ್ತ್ರಗಳು, ಪತ್ರಗಳು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಛಾಯಾಚಿತ್ರಗಳನ್ನು ಒಂದೆಡೆ ಸೇರಿಸಿದ್ದಾರೆ. ಛಾಯಾಗ್ರಾಹಕರ ಕಣ್ಣು ಎಲ್ಲ ಕಡೆಯೂ ಕಾಣುತ್ತದೆ: ಚಿತ್ರಗಳೇ ಇಲ್ಲಿನ ಮುಖ್ಯ ಸಂಪತ್ತು. ಪೈರೇಟ್ಸ್ ತಂಡದ ಹಿಂದಿನ ಮೈದಾನವಾಗಿದ್ದ ಫೋರ್ಬ್ಸ್ ಫೀಲ್ಡ್‌ನ ಹಳೆಯ ಕುರ್ಚಿಗಳೂ ಇವೆ. ಕಟ್ಟಡದ ಕೆಳ ಅಂತಸ್ತಿನಲ್ಲಿ ದ್ರಾಕ್ಷಾರಸ ತಯಾರಿಸಿ ಇಡುವ ನೆಲಮಾಳಿಗೆಯಿದೆ; ನಮ್ಮಂತೆ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರು ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕ್ಲೆಮೆಂಟೆ ಅವರು 1955ರಿಂದ 1972ರವರೆಗೆ ಹದಿನೆಂಟು ಋತುಗಳನ್ನು (ವರ್ಷಕ್ಕೊಂದರಂತೆ ಬರುವ ಆಟದ ಅವಧಿ) ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡವೊಂದಕ್ಕೇ ಆಡಿದರು. ನಾಲ್ಕು ಸಲ ತಮ್ಮ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಅವರದಾಗಿತ್ತು. ಇಲ್ಲಿ ಸರಾಸರಿ ಎಂದರೆ ಬ್ಯಾಟ್ ಹಿಡಿದ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಎಂಬ ಲೆಕ್ಕ; ಚೆಂಡು ಹೊಡೆದು ಔಟಾಗದೆ ಬೇಸ್, ಅಂದರೆ ಓಟಗಾರ ಮುಟ್ಟಬೇಕಾದ ಗುರುತು, ತಲುಪಿದರೆ ಅದು ಹಿಟ್. 1966ರಲ್ಲಿ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರರೆಂಬ ಗೌರವ ಬಂತು. 1961ರಿಂದ 1972ರವರೆಗೆ ಒಂದು ವರ್ಷವೂ ತಪ್ಪದೆ ಹನ್ನೆರಡು ಗೋಲ್ಡ್ ಗ್ಲೋವ್ ಪ್ರಶಸ್ತಿಗಳು ಬಂದವು. ಈ ಕೊನೆಯದು ಕ್ಷೇತ್ರರಕ್ಷಣೆಗೆ ಕೊಡುವ ಪ್ರಶಸ್ತಿ. ಅವರು ನಿಲ್ಲುತ್ತಿದ್ದುದು ರೈಟ್ ಫೀಲ್ಡ್‌ನಲ್ಲಿ, ಅಂದರೆ ಬ್ಯಾಟರ್‌ನಿಂದ ನೋಡಿದರೆ ಬಲಗಡೆಯ ದೂರದ ಅಂಗಳದಲ್ಲಿ. ಅಲ್ಲಿಂದ ಮೂರನೆಯ ಬೇಸ್‌ಗೆ ಚೆಂಡನ್ನು ಎಸೆಯುವುದೆಂದರೆ ಇಡೀ ಮೈದಾನವನ್ನು ಅಡ್ಡಲಾಗಿ ದಾಟಿಸಬೇಕು. ನಮ್ಮ ಲೆಕ್ಕದಲ್ಲಿ, ಬೌಂಡರಿ ಗೆರೆಯ ಬಳಿ ಚೆಂಡನ್ನು ಹಿಡಿದು ಆಚೆ ತುದಿಯ ವಿಕೆಟ್ಟಿಗೆ ನೇರವಾಗಿ ಹೊಡೆದಂತೆ. ಕ್ಲೆಮೆಂಟೆ ಅವರ ಎಸೆತಕ್ಕೆ ಹೆದರಿ ಓಟಗಾರರು ಇದ್ದಲ್ಲೇ ನಿಲ್ಲುತ್ತಿದ್ದರು.

ಆ ತೋಳಿನ ಬಲ ಎಲ್ಲಿಂದ ಬಂತು ಎಂಬ ವಿಷಯ ಬಂದಾಗ ನನ್ನ ತಂದೆ ಚುರುಕಾದರು. ಅವರು ಶಿವಮೊಗ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಕರಾಗಿದ್ದವರು. ಈಗಲೂ ಊರಿನಲ್ಲಿ ಅವರು ಪಿ.ಟಿ. ಮೇಷ್ಟ್ರೇ. ಕ್ಲೆಮೆಂಟೆ ಅವರು ಪ್ರೌಢಶಾಲೆಯಲ್ಲಿದ್ದಾಗ ಜಾವೆಲಿನ್ ಎಸೆಯುತ್ತಿದ್ದರೆಂಬ ಮಾತನ್ನು ಕೇಳಿದ್ದೇ ತಡ, ತಂದೆಯವರು ಭುಜದ ಹಿಂದಕ್ಕೆ ಕೈ ಎಳೆದುಕೊಂಡು ಮೊಣಕೈಯನ್ನು ಮೇಲೆತ್ತಿ, “ನೋಡು, ಇಲ್ಲಿಂದ ಬರಬೇಕು, ಮಣಿಕಟ್ಟಿನಿಂದ ಅಲ್ಲ” ಎಂದು ಮೊಮ್ಮಗಳಿಗೆ ತೋರಿಸಿದರು. ಗುಂಪಿನಲ್ಲಿದ್ದ ಒಬ್ಬರು ಹಿರಿಯರು, ಪಿಟ್ಸ್‌ಬರ್ಗ್‌ನವರೇ ಇರಬೇಕು, ತಲೆಯಾಡಿಸಿ ತಾವೂ ಕೈ ಎತ್ತಿ ಅದೇ ಭಂಗಿಯನ್ನು ತೋರಿಸಿದರು. ಇಬ್ಬರಿಗೂ ಒಂದೇ ಒಂದು ಭಾಷೆ ಸಮಾನವಾಗಿರಲಿಲ್ಲ.

ಬ್ಯಾಟುಗಳ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು. ಕ್ಲೆಮೆಂಟೆ ಅವರು ಭಾರದ ಬ್ಯಾಟುಗಳನ್ನು ಬಳಸುತ್ತಿದ್ದವರು. 36 ಔನ್ಸ್, ಅಂದರೆ ಒಂದು ಕಿಲೊಗೂ ಸ್ವಲ್ಪ ಹೆಚ್ಚು. ಕ್ರಿಕೆಟ್ ಬ್ಯಾಟಿನ ಲೆಕ್ಕದಲ್ಲಿ ಅದು ಭಾರವೆನಿಸದು, ಆದರೆ ಒನಕೆಯಂತೆ ಉರುಟಾದ ಒಂದೇ ತುಂಡು ಮರವನ್ನು ಭುಜದ ಮಟ್ಟದಲ್ಲಿ ಅಡ್ಡಲಾಗಿ ಬೀಸುವವರಿಗೆ ಅಷ್ಟು ತೂಕ ಬಹಳವಾಯಿತು. ಬಾಲ್ಯದಲ್ಲಿ ಅವರ ಕೈಯಲ್ಲಿದ್ದದ್ದು ಸೀಬೆ ಮರದ ಕೊಂಬೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1934ರ ಆಗಸ್ಟ್ 18ರಂದು ಪೋರ್ಟೊ ರಿಕೊದ ಕರೋಲಿನಾ ಪಟ್ಟಣದ ಸಾನ್ ಆಂಟೊನ್ ಎಂಬ ಕೇರಿಯಲ್ಲಿ, ಮನೆಯ ಕೊನೆಯ ಮಗನಾಗಿ ಅವರು ಹುಟ್ಟಿದರು. ತಂದೆ ಮೆಲ್ಚೊರ್ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ಸೈಕಲ್ ಬೇಕೆಂದು ಹಟ ಹಿಡಿದ ಹುಡುಗನಿಗೆ ತಂದೆ ದುಡಿದು ಕೊಂಡುಕೋ ಎಂದರಂತೆ. ಬೆಳಗಿನ ಜಾವ ಎದ್ದು ನೆರೆಯವರಿಗೆ ಹಾಲಿನ ಕ್ಯಾನು ಹೊತ್ತು ತಂದುಕೊಟ್ಟು, ದಿನಕ್ಕೆ ಕೆಲವೇ ಸೆಂಟುಗಳಂತೆ ಕೂಡಿಟ್ಟು, ಮೂರು ವರ್ಷದ ಮೇಲೆ ಆತ ಸೈಕಲ್ ಕೊಂಡ. ಈ ಕಥೆ ಕೇಳಿದ ಮೇಲೆ ನನ್ನ ಮಗಳು ಮನೆಗೆ ಬರುವವರೆಗೂ ಲೆಕ್ಕ ಹಾಕುತ್ತಿದ್ದಳು.

ಅಮೆರಿಕದ ಮುಖ್ಯ ಭೂಮಿಗೆ ಬಂದ ಮೇಲೆ ಅವರು ಪಟ್ಟ ಪಾಡನ್ನು ತಿಳಿಯದೆ ಹೊರಬಂದರೆ ಈ ಮ್ಯೂಸಿಯಂ ನೋಡಿದಂತಾಗುವುದಿಲ್ಲ. ಫ್ಲಾರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ತಂಡ ಋತುಪೂರ್ವ ತರಬೇತಿಗೆ ಸೇರುತ್ತಿದ್ದಾಗ, ಕ್ಲೆಮೆಂಟೆ ಅವರಂಥ ಕಪ್ಪು ಆಟಗಾರರು ಬಿಳಿಯರ ಹೋಟೆಲಿನಲ್ಲಿ ಇಳಿದುಕೊಳ್ಳುವಂತಿರಲಿಲ್ಲ. ದಾರಿಯ ಊಟದ ಮನೆಗಳಲ್ಲಿ ಜೊತೆಗಾರರು ಒಳಗೆ ಕುಳಿತು ಉಣ್ಣುವಾಗ ಇವರು ಬಸ್ಸಿನಲ್ಲೇ ಕಾಯಬೇಕಿತ್ತು. ಹೀಗೆ ಬಸ್ಸಿನಲ್ಲಿ ಕುಳಿತು ಯಾರೋ ತಂದುಕೊಡುವ ಊಟಕ್ಕೆ ಕೈಚಾಚುವುದನ್ನು ಕ್ಲೆಮೆಂಟೆ ಒಪ್ಪಲಿಲ್ಲ. ತಮಗೆ ಬೇರೆ ವಾಹನ ಕೊಡಿ ಎಂದು ಆಡಳಿತವನ್ನು ಒತ್ತಾಯಿಸಿ ಪಡೆದರು. ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಪತ್ರಿಕೆಗಳು ಅಕ್ಷರಶಃ ಹಾಗೆಯೇ ಅಚ್ಚು ಮಾಡಿ ನಗೆಪಾಟಲು ಮಾಡಿದವು. ಹೆಸರನ್ನೂ ಬಿಡಲಿಲ್ಲ. ರೊಬೆರ್ಟೊ ಎಂಬುದನ್ನು ‘ಬಾಬ್’ ಎಂದು ಮೊಟಕುಗೊಳಿಸಿ, ವರ್ಷಗಟ್ಟಲೆ ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳ ಮೇಲೆ ಹಾಗೆಯೇ ಮುದ್ರಿಸಿದರು. ತನ್ನ ಹೆಸರು ರೊಬೆರ್ಟೊ ಎಂದು ಅವರು ಹೇಳುತ್ತಲೇ ಹೋದರು. ನಮ್ಮ ಮಗಳ ಹೆಸರನ್ನು ಅವಳ ಶಾಲೆಯಲ್ಲಿ ಎರಡಕ್ಷರಕ್ಕೆ ಇಳಿಸಿ ಕರೆಯುತ್ತಾರೆ. ನಾವೂ ಅದನ್ನು ಒಪ್ಪಿಕೊಂಡು ಸುಮ್ಮನಿದ್ದೆವು. ಈ ಭೇಟಿಯ ಮರುವಾರ ಅವಳೇ ತನ್ನ ಪೂರ್ತಿ ಹೆಸರನ್ನು ಕರಿಹಲಗೆಯ ಮೇಲೆ ಬರೆದು, ಹೇಗೆ ಉಚ್ಚರಿಸಬೇಕೆಂದು ತರಗತಿಗೆ ಹೇಳಿಕೊಟ್ಟು ಬಂದಳು.

ಇಪ್ಪತ್ತೊಂದು ಎಂಬ ಸಂಖ್ಯೆ ಇಲ್ಲಿ ಎಲ್ಲೆಲ್ಲೂ ಕಣ್ಣಿಗೆ ಬೀಳುತ್ತದೆ. ಅದು ಅವರ ಅಂಗಿಯ ಸಂಖ್ಯೆ. ಅಪ್ಪನ ಮನೆತನ ಮತ್ತು ಅಮ್ಮ ಲೂಯಿಸಾ ಅವರ ಮನೆತನ ಎರಡನ್ನೂ ಸೇರಿಸಿ ಸ್ಪ್ಯಾನಿಷ್ ಪದ್ಧತಿಯಂತೆ ರೊಬೆರ್ಟೊ ಕ್ಲೆಮೆಂಟೆ ವಾಕರ್ ಎಂದು ರೋಮನ್ ಲಿಪಿಯಲ್ಲಿ ಬರೆದರೆ ಸರಿಯಾಗಿ ಇಪ್ಪತ್ತೊಂದು ಅಕ್ಷರಗಳಾಗುತ್ತವೆ.

ನನ್ನನ್ನು ಅತಿ ಹೆಚ್ಚು ತಟ್ಟಿದ್ದು 1971ರ ವರ್ಲ್ಡ್ ಸೀರೀಸಿನ, ಅಂದರೆ ವರ್ಷದ ಚಾಂಪಿಯನ್ ತಂಡವನ್ನು ನಿರ್ಧರಿಸುವ ಕೊನೆಯ ಸರಣಿಯ, ಪ್ರಸಂಗ. ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ ಏಳು ಪಂದ್ಯಗಳ ಆ ಸರಣಿಯಲ್ಲಿ ಅವರ ಬ್ಯಾಟಿಂಗ್ ಸರಾಸರಿ .414 (ನೂರು ಸರದಿಗೆ ನಲವತ್ತೊಂದಕ್ಕೂ ಹೆಚ್ಚು ಹಿಟ್‌ಗಳ ಲೆಕ್ಕ), ಸರಣಿಯ ಶ್ರೇಷ್ಠ ಆಟಗಾರರೂ ಅವರೇ ಆದರು. 1960 ಮತ್ತು 1971, ಎರಡೂ ವರ್ಲ್ಡ್ ಸೀರೀಸ್‌ಗಳಲ್ಲಿ ಆಡಿದ ಹದಿನಾಲ್ಕು ಪಂದ್ಯಗಳಲ್ಲಿ ಒಂದರಲ್ಲಿಯೂ ಹಿಟ್ ಇಲ್ಲದೆ ಅವರು ಮರಳಲಿಲ್ಲ. ಗೆದ್ದ ಮೇಲೆ, ಇಡೀ ದೇಶ ನೋಡುತ್ತಿದ್ದ ದೂರದರ್ಶನ ಸಂದರ್ಶನದಲ್ಲಿ, ಇಂಗ್ಲಿಷಿನಲ್ಲಿ ಉತ್ತರಿಸುವುದಕ್ಕೆ ಮೊದಲು ಸ್ಪ್ಯಾನಿಷಿನಲ್ಲಿ ಒಂದು ಮಾತು ಹೇಳುತ್ತೇನೆಂದು ಅನುಮತಿ ಕೇಳಿ, ತಮ್ಮ ಬದುಕಿನ ಈ ದೊಡ್ಡ ದಿನದಂದು ಮಕ್ಕಳಿಗೆ ತಮ್ಮ ಆಶೀರ್ವಾದ ಹೇಳಿ, ತಮಗೆ ತಂದೆತಾಯಿಯರ ಆಶೀರ್ವಾದವನ್ನು ಬೇಡಿಕೊಂಡರು. ಪೋರ್ಟೊ ರಿಕೊದಲ್ಲಿ ಮನೆಯಿಂದ ಹೊರಡುವಾಗಲೂ ಮನೆಗೆ ಬಂದಾಗಲೂ ಹಿರಿಯರನ್ನು ಆಶೀರ್ವಾದ ಕೇಳುವುದು ವಾಡಿಕೆ. ಈ ಮಾತನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ತಂದೆಯವರು ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುವ ಅಭ್ಯಾಸ ಅವರಿಗೆ. ಆ ದಿನ ಪ್ಯಾಂಟು ತೊಟ್ಟಿದ್ದರು, ಅಂಗಿಯ ಚುಂಗಿನಲ್ಲೇ ಒರೆಸಿಕೊಂಡರು. ನಮ್ಮ ಕಡೆ ಪರೀಕ್ಷೆಗೆ ಹೊರಟ ಹುಡುಗನೂ, ಮೊದಲ ಸಂಬಳ ತಂದ ಮಗಳೂ ದೊಡ್ಡವರ ಕಾಲು ಮುಟ್ಟುತ್ತಾರಲ್ಲ, ಅದೇ ಇದು; ಆದರೆ ಇಲ್ಲಿ ಕೋಟ್ಯಂತರ ಅಪರಿಚಿತರ ಮುಂದೆ, ಅವರ ಭಾಷೆಯನ್ನು ಒಂದು ಗಳಿಗೆ ಬದಿಗಿಟ್ಟು ನಡೆಯಿತು.

ಊರಿಗೆ ಮರಳಿ ಸೇವೆ ಮಾಡಿದ ಆಟಗಾರ ಎಂದರೆ ಸಾಮಾನ್ಯವಾಗಿ ನಿವೃತ್ತಿಯ ನಂತರ ಮರಳಿದವರನ್ನು ನಾವು ನೆನೆಯುತ್ತೇವೆ. ಕ್ಲೆಮೆಂಟೆ ಅವರ ವಿಷಯದಲ್ಲಿ ಹಾಗಲ್ಲ, ಮತ್ತು ಈ ಮ್ಯೂಸಿಯಂ ನನಗೆ ಮನದಟ್ಟು ಮಾಡಿಸಿದ್ದು ಮುಖ್ಯವಾಗಿ ಇದನ್ನೇ. ಅವರು ಊರನ್ನು ಬಿಟ್ಟೇ ಇರಲಿಲ್ಲ. ಶರತ್ಕಾಲದಲ್ಲಿ ಅಮೆರಿಕದ ಅತ್ಯುನ್ನತ ಮಟ್ಟದ ಬೇಸ್‌ಬಾಲ್ ಆದ ಮೇಜರ್ ಲೀಗಿನ ಋತು ಮುಗಿದರೆ ಪೋರ್ಟೊ ರಿಕೊಗೆ ಮರಳುವರು; ಅಲ್ಲಿನ ಚಳಿಗಾಲದ ಲೀಗಿನಲ್ಲಿ, ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿದವರಿದ್ದರೂ, ಎಷ್ಟೋ ಋತು ಊರ ಜನರ ಮುಂದೆ ಆಡಿದರು; ಮುಂದೆ ದ್ವೀಪದ ರಾಜಧಾನಿ ಸಾನ್ ಹುವಾನ್‌ನ ತಂಡದ ತರಬೇತಿಯ ಹೊಣೆಯನ್ನೂ ಹೊತ್ತರು. ದ್ವೀಪದ ಊರೂರು ತಿರುಗಿ, ಬಡ ಮನೆಗಳ ಹುಡುಗರನ್ನು ಸೇರಿಸಿ ಆಟ ಹೇಳಿಕೊಡುವ ಶಿಬಿರಗಳನ್ನು ನಡೆಸಿದರು. 1964ರಲ್ಲಿ ಕರೋಲಿನಾದಲ್ಲೇ ವೇರಾ ಸಬಾಲಾ ಅವರನ್ನು ಮದುವೆಯಾದರು. ಮೂವರು ಗಂಡುಮಕ್ಕಳೂ ಪೋರ್ಟೊ ರಿಕೊದ ನೆಲದಲ್ಲೇ ಹುಟ್ಟಬೇಕೆಂದು ಪಟ್ಟು ಹಿಡಿದು, ಹಾಗೆಯೇ ಆಗುವಂತೆ ನೋಡಿಕೊಂಡರು. ಬೆನ್ನುನೋವಿನಿಂದ ಬಳಲುತ್ತಿದ್ದ ಅವರು ಮೂಳೆ ಮತ್ತು ಬೆನ್ನಿನ ಚಿಕಿತ್ಸೆಯನ್ನು ತಾವೇ ಕಲಿತು, ಬಂದ ನೆರೆಹೊರೆಯವರ ಬೆನ್ನು ತಿಕ್ಕಿ ನೀವಿ ಕಳಿಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಮೂಳೆ ಕಟ್ಟುವವರ ಅಂಗಳದಲ್ಲಿ ಜನ ಸಾಲುಗಟ್ಟಿ ಕೂರುವ ಚಿತ್ರ ನನ್ನ ಕಣ್ಣ ಮುಂದೆ ಬಂತು.

ಅವರ ದೊಡ್ಡ ಕನಸು ಕ್ರೀಡಾನಗರಿಯದಾಗಿತ್ತು. ಹಣವಿದ್ದವರ ಮಕ್ಕಳಿಗೆ ಹೇಗೂ ಮೈದಾನವಿರುತ್ತದೆ. ಇಲ್ಲದವರ ಮಕ್ಕಳು ಬಂದು ಉಳಿದು, ಹಲವು ಆಟಗಳನ್ನು ಕಲಿಯುವ, ತಂದೆತಾಯಿಯರೂ ಜೊತೆಗೆ ಬಂದಿರಬಹುದಾದ ಒಂದು ವಿಶಾಲ ಜಾಗ ಬೇಕೆಂದು ಅವರು ತಮ್ಮ ಕೊನೆಯ ವರ್ಷಗಳಲ್ಲಿ ಹೋದಲ್ಲೆಲ್ಲ ಹೇಳುತ್ತಿದ್ದರು. ತಂದೆಯವರು ಇಲ್ಲಿ ನನ್ನನ್ನು ತಡೆದು ಒಂದು ಮಾತು ಹೇಳಿದರು. ಅವರ ಶಾಲೆಯ ವಾಲಿಬಾಲ್ ತಂಡದಿಂದ ರೈಲ್ವೆಗೆ ಕ್ರೀಡಾ ಕೋಟಾದಲ್ಲಿ ಹೋದ ಇಬ್ಬರು ಹುಡುಗರು ಪ್ರತಿ ದಸರಾ ರಜೆಗೆ ಬಂದು, ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಸುಣ್ಣದ ಗೆರೆ ಹಾಕಿ, ಚಿಕ್ಕವರಿಗೆ ಸರ್ವಿಸ್ ಕಲಿಸುತ್ತಿದ್ದರಂತೆ. “ಆ ಹದಿನೈದು ದಿನದಲ್ಲಿ ಮಕ್ಕಳು ಕಲಿತಷ್ಟು ನಾನು ವರ್ಷವಿಡೀ ಕಲಿಸಿದರೂ ಕಲಿಯುತ್ತಿರಲಿಲ್ಲ ಕಣೋ. ಅವರ ಕಣ್ಣಿಗೆ ಇವನು ನಮ್ಮ ಬೀದಿಯವನೇ ಅಂತ ಕಾಣುತ್ತಿತ್ತು” ಎಂದರು. ಇದನ್ನು ಮಾರ್ಗದರ್ಶಿಗೆ ತಿರುಗಿಸಿ ಹೇಳಿದೆ. ಅವರು ನಮ್ಮ ಊರಿನ ಹೆಸರನ್ನು ಕೇಳಿ ಎರಡು ಸಲ ಉಚ್ಚರಿಸಿ ನೋಡಿದರು.

ಆಮೇಲಿನ ಕಥೆಯನ್ನು ಹೇಳುವಾಗ ಗುಂಪು ತಾನಾಗಿಯೇ ಹತ್ತಿರ ಸರಿಯಿತು. 1972ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕ್ ಮೆಟ್ಸ್ ತಂಡದ ಜಾನ್ ಮ್ಯಾಟ್ಲಾಕ್ ಅವರ ಎಸೆತಕ್ಕೆ ಡಬಲ್ (ಎರಡನೆಯ ಬೇಸ್‌ವರೆಗೆ ಓಡಿ ಮುಟ್ಟುವ ಹೊಡೆತ) ಹೊಡೆದು ಕ್ಲೆಮೆಂಟೆ ತಮ್ಮ 3000ನೆಯ ಹಿಟ್ ಪೂರೈಸಿದರು. ಅಲ್ಲಿಯವರೆಗೆ ಅಷ್ಟನ್ನು ಮುಟ್ಟಿದ್ದವರು ಹತ್ತೇ ಜನ. ಆ ಚಳಿಗಾಲ ಪೋರ್ಟೊ ರಿಕೊದ ಹವ್ಯಾಸಿ ತಂಡದ ಮುಖ್ಯಸ್ಥರಾಗಿ ನಿಕರಾಗುವಾ ದೇಶಕ್ಕೆ ಹೋದಾಗ ಅಲ್ಲಿನ ಜನರ ಬಡತನವನ್ನೂ ಪ್ರೀತಿಯನ್ನೂ ಹತ್ತಿರದಿಂದ ಕಂಡರು. ಕಾಲು ಕಳೆದುಕೊಂಡಿದ್ದ ಒಬ್ಬ ಹುಡುಗನಿಗೆ ಕೃತಕ ಕಾಲು ಹಾಕಿಸಲು ಹಣದ ಏರ್ಪಾಡನ್ನೂ ಮಾಡಿದರು. ಅವರು ಊರಿಗೆ ಮರಳಿದ ಸ್ವಲ್ಪ ದಿನಕ್ಕೇ, ಡಿಸೆಂಬರ್ 23ರಂದು, ನಿಕರಾಗುವಾದ ರಾಜಧಾನಿ ಮನಾಗುವಾ ನಗರ ಭೂಕಂಪದಲ್ಲಿ ಕುಸಿದು ಸಾವಿರಾರು ಜನ ಸತ್ತರು. ಕ್ಲೆಮೆಂಟೆ ಮತ್ತು ವೇರಾ ಕ್ರಿಸ್‌ಮಸ್ ಹಬ್ಬವನ್ನು ಬದಿಗಿಟ್ಟು ಸಾನ್ ಹುವಾನ್‌ನ ಹಿರಾಮ್ ಬಿತಾರ್ನ್ ಕ್ರೀಡಾಂಗಣದಲ್ಲಿ ನಿಂತು ಬಟ್ಟೆ, ಆಹಾರ, ಔಷಧಿ ಸಂಗ್ರಹಿಸಿದರು. ವಿಮಾನಗಳಲ್ಲಿ ಕಳಿಸಿದ ಸಾಮಗ್ರಿ ಸಂತ್ರಸ್ತರಿಗೆ ತಲುಪದೆ ಸರ್ವಾಧಿಕಾರಿ ಸೊಮೋಜಾ ಅವರ ಸೈನಿಕರ ಕೈಗೆ ಹೋಗುತ್ತಿದೆಯೆಂಬ ಸುದ್ದಿ ಬಂದಾಗ, ತಾವೇ ಜೊತೆಯಲ್ಲಿ ಹೋದರೆ ಯಾರೂ ಮುಟ್ಟುವುದಿಲ್ಲವೆಂದು ಅವರು ಹೊರಟರು.

ಡಿಸೆಂಬರ್ 31ರ ರಾತ್ರಿ. ದ್ವೀಪವೆಲ್ಲ ಹೊಸ ವರ್ಷದ ಸಡಗರದಲ್ಲಿತ್ತು. ಹಳೆಯ ಡಿಸಿ-7 ಸರಕು ವಿಮಾನದ ಮೇಲೆ ಅದು ಹೊರಬಹುದಾದುದಕ್ಕಿಂತ ನಾಲ್ಕು ಸಾವಿರ ಪೌಂಡಿಗೂ ಹೆಚ್ಚಿನ ಭಾರ ಹೇರಿದ್ದರು. ಅದೇ ತಿಂಗಳ ಆರಂಭದಲ್ಲಿ ನೆಲದ ಮೇಲೆ ಓಡುವಾಗ ಅದು ಅಪಘಾತಕ್ಕೆ ಸಿಕ್ಕಿ ಹಾನಿಗೊಂಡಿತ್ತು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಇಸ್ಲಾ ವೆರ್ಡೆ ಕಡಲತೀರದ ಎದುರಿಗೆ ಸಮುದ್ರಕ್ಕೆ ಬಿತ್ತು. ಒಳಗಿದ್ದ ಐವರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಲೆಮೆಂಟೆ ಅವರ ದೇಹ ಕೊನೆಗೂ ಸಿಗಲಿಲ್ಲ. ಜನ ದಿನಗಟ್ಟಲೆ ತೀರದಲ್ಲಿ ಸಮುದ್ರ ನೋಡುತ್ತ ನಿಂತರು. ಅವರ ಗೆಳೆಯ, ಪೈರೇಟ್ಸ್ ತಂಡದ ಕ್ಯಾಚರ್ (ನಮ್ಮ ವಿಕೆಟ್ ಕೀಪರಿನಂತೆ ಬ್ಯಾಟರ್ ಹಿಂದೆ ನಿಲ್ಲುವವರು) ಮ್ಯಾನಿ ಸಾಂಗಿಯೆನ್ ಶ್ರದ್ಧಾಂಜಲಿ ಸಭೆಗೆ ಹೋಗದೆ, ಮುಳುಗುಗಾರರ ಜೊತೆ ಸೇರಿ ತಾವೂ ನೀರಿಗೆ ಧುಮುಕಿ ಹುಡುಕುತ್ತಿದ್ದರು. ಆಗ ಕ್ಲೆಮೆಂಟೆ ಅವರ ವಯಸ್ಸು ಮೂವತ್ತೆಂಟು.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದನ್ನು ಮೊದಲೇ ಹೇಳಿಡಬೇಕೆನಿಸುತ್ತದೆ. ತೀರ ಚಿಕ್ಕ ಮಕ್ಕಳು ಈ ಭಾಗದಲ್ಲಿ ಕಳವಳಪಡಬಹುದು, ಕೇಳಿದ ಪ್ರಶ್ನೆಗೆ ಉತ್ತರವೂ ಸುಲಭವಲ್ಲ. ನನ್ನ ಮಗಳು ಕೇಳಿದ್ದು ಒಂದೇ: ಆ ಸಾಮಾನು ಆಮೇಲೆ ಮನಾಗುವಾಕ್ಕೆ ಹೋಯಿತೇ? ಆ ವಿಮಾನದಲ್ಲಿದ್ದದ್ದು ಹೋಗಲಿಲ್ಲ. ಅದಕ್ಕೆ ಮೊದಲು ಕಳಿಸಿದ್ದು ಹೋಗಿತ್ತು. ಅಷ್ಟನ್ನೇ ಹೇಳಿದೆ. ಹತ್ತು ವರ್ಷ ದಾಟಿದ ಮಕ್ಕಳನ್ನು ಮಾತ್ರ ಧೈರ್ಯವಾಗಿ ಕರೆದುಕೊಂಡು ಹೋಗಿ ಎಂಬುದು ನನ್ನ ಸಲಹೆ.

ನಂತರ ಬಂದ ಗೌರವಗಳ ಪಟ್ಟಿ ದೊಡ್ಡದು. ನಿವೃತ್ತಿಯ ನಂತರ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಸಡಿಲಿಸಿ 1973ರಲ್ಲೇ ಅವರನ್ನು ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ಲ್ಯಾಟಿನ್ ಅಮೆರಿಕದಿಂದ ಆ ಸ್ಥಾನ ಪಡೆದವರಲ್ಲಿ ಅವರೇ ಮೊದಲಿಗರು. ಮೇಜರ್ ಲೀಗ್ ಆಟಗಾರರ ಸಮಾಜಸೇವೆಗೆ ಪ್ರತಿ ವರ್ಷ ಕೊಡುವ ಪ್ರಶಸ್ತಿಗೆ ಅದೇ ವರ್ಷ ಅವರ ಹೆಸರಿಟ್ಟರು. ಅದನ್ನು ಪಡೆದವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಲೇಬೇಕು, ಏಕೆಂದರೆ ಇಬ್ಬರೂ ಪೋರ್ಟೊ ರಿಕೊದವರೇ. ಕಾರ್ಲೋಸ್ ಬೆಲ್ಟ್ರಾನ್ ಅವರು ಆಟ ಮತ್ತು ಓದು ಎರಡನ್ನೂ ಜೊತೆಗೆ ಕಲಿಸುವ ಪ್ರೌಢಶಾಲೆಯನ್ನು 2011ರಲ್ಲಿ ತಮ್ಮ ದ್ವೀಪದಲ್ಲಿ ತೆರೆದರು, 2013ರಲ್ಲಿ ಈ ಪ್ರಶಸ್ತಿ ಪಡೆದರು. ಯಾಡಿಯರ್ ಮೊಲಿನಾ ಅವರಿಗೆ ಇದು ಸಂದದ್ದು 2018ರಲ್ಲಿ. ಅದರ ಹಿಂದಿನ ವರ್ಷ ಮರಿಯಾ ಚಂಡಮಾರುತ ದ್ವೀಪವನ್ನು ಧ್ವಂಸ ಮಾಡಿದಾಗ ಅವರು ಪರಿಹಾರದ ಕೆಲಸಕ್ಕೆ ಇಳಿದಿದ್ದರು. ಹುಟ್ಟಿದ ಮಣ್ಣಿಗೆ ಮರಳಿ ಕೈಜೋಡಿಸುವುದು ಈ ಮೂವರಲ್ಲಿ ಒಂದು ಕುಟುಂಬದ ಕಸುಬಿನಂತೆ ಇಳಿದು ಬಂದಿದೆ.

ಆದರೆ ಕ್ಲೆಮೆಂಟೆ ಅವರು ಕನಸು ಕಂಡ ಕ್ರೀಡಾನಗರಿಯ ಗತಿಯೇ ಬೇರೆ. ಅವರ ಮರಣಾನಂತರ ಕರೋಲಿನಾದಲ್ಲಿ 304 ಎಕರೆ ಜಮೀನು ದೊರೆತು, ವೇರಾ ಅವರು ದಶಕಗಳ ಕಾಲ ಅದನ್ನು ಮುನ್ನಡೆಸಿದರು. ಹುವಾನ್ ಗೊನ್ಸಾಲೆಸ್, ಇವಾನ್ ರೊಡ್ರಿಗೆಸ್ ಅವರಂಥ ಆಟಗಾರರು ಅಲ್ಲಿ ಆಡಿ ಬೆಳೆದರು. ಕಾಲಾಂತರದಲ್ಲಿ ಹಣದ ಕೊರತೆಯಿಂದ ಮೈದಾನಗಳು ಪಾಳು ಬಿದ್ದವು, ಮರಿಯಾ ಚಂಡಮಾರುತ ಉಳಿದದ್ದನ್ನೂ ಕೆಡಿಸಿತು. ವೇರಾ ಅವರು 2019ರಲ್ಲಿ ತೀರಿಕೊಂಡರು. ಪಿಟ್ಸ್‌ಬರ್ಗ್‌ನಲ್ಲಿ ಕ್ಲೆಮೆಂಟೆ ಅವರ ಬ್ಯಾಟುಗಳು ಗಾಜಿನೊಳಗೆ ಹೊಳೆಯುತ್ತಿರುವಾಗ ಅವರ ಊರಿನಲ್ಲಿ ಮಕ್ಕಳಿಗೆಂದು ಮಾಡಿದ ಜಾಗದಲ್ಲಿ ಹುಲ್ಲು ಬೆಳೆದಿದೆ ಎಂಬುದು ನನಗೆ ತುಂಬ ನೋವಿನ ವಿಷಯ. ಮ್ಯೂಸಿಯಂ ನೋಡಲು ಹೋಗುವವರು ಈ ಸಂಗತಿಯನ್ನೂ ತಿಳಿದುಕೊಂಡೇ ಹೋಗಬೇಕು. ಆಗ ಗೋಡೆಯ ಮೇಲಿನ ಪ್ರತಿ ಚಿತ್ರವೂ ಇನ್ನೊಂದು ರೀತಿ ಕಾಣುತ್ತದೆ.

ಹಾಗಾದರೆ ಹೋಗಬೇಕೇ? ಖಂಡಿತ ಹೋಗಬೇಕು, ಆದರೆ ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಬೇಕು. ಅಂಕಿಸಂಖ್ಯೆಗಳ ಮೇಲೆ ಆಸಕ್ತಿಯಿದ್ದವರಿಗೂ, ಆಟದ ತಲೆಬುಡ ತಿಳಿಯದವರಿಗೂ ಇಲ್ಲಿ ಹಿಡಿದು ನಿಲ್ಲಿಸುವುದು ಬೇಕಾದಷ್ಟಿದೆ. ಗುಂಪಿನೊಂದಿಗೆ ನಡೆಯಬೇಕಾದ್ದರಿಂದ ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ನಿಲ್ಲುವ ಸ್ವಭಾವದವರಿಗೆ ಇದು ಒಗ್ಗಲಿಕ್ಕಿಲ್ಲ. ಅಂಥವರು ಮೊದಲೇ ಕ್ಲೆಮೆಂಟೆ ಅವರ ಬದುಕಿನ ವಿವರಗಳನ್ನು ಓದಿಕೊಂಡು ಹೋದರೆ, ಮಾತು ಕೇಳುವ ಹೊತ್ತನ್ನು ನೋಡುವುದಕ್ಕೆ ಬಳಸಿಕೊಳ್ಳಬಹುದು. ಹಿರಿಯರಿದ್ದರೆ ನಿಂತು ಕೇಳುವುದು ಹೆಚ್ಚು ಎಂಬುದನ್ನು ನೆನಪಿಟ್ಟುಕೊಂಡು, ಊಟ ಮುಗಿಸಿಕೊಂಡೇ ಹೊರಡುವುದು ಒಳ್ಳೆಯದು.

ಅಲ್ಲಿಂದ ಹೊರಬಿದ್ದ ಮೇಲೆ ನೇರ ಮನೆಗೆ ಹೋಗಬೇಡಿ. ಪೇಟೆಯ ಕಡೆ ಬಂದರೆ ಅಲೆಗನಿ ನದಿಯ ಮೇಲಿನ ಹಳದಿ ಸೇತುವೆಗೆ ಕ್ಲೆಮೆಂಟೆ ಅವರ ಹೆಸರೇ ಇದೆ. ಅದನ್ನು ನಡೆದು ದಾಟಿದರೆ ಪೈರೇಟ್ಸ್ ತಂಡದ ಈಗಿನ ಮೈದಾನ, ಅದರ ಹೊರಗೆ ಅವರ ಪ್ರತಿಮೆ. ರೈಟ್ ಫೀಲ್ಡ್‌ನ ಗೋಡೆಯನ್ನು ಅವರ ನೆನಪಿಗೆ ಇಪ್ಪತ್ತೊಂದು ಅಡಿ ಎತ್ತರಕ್ಕೆ ಕಟ್ಟಿದ್ದಾರೆ. ನಾವು ಇನ್ನೂ ಸ್ವಲ್ಪ ಮುಂದೆ, ಓಕ್ಲೆಂಡ್ ಬಡಾವಣೆಗೂ ಹೋದೆವು. ಅಲ್ಲಿ ಫೋರ್ಬ್ಸ್ ಫೀಲ್ಡ್‌ನ ಇಟ್ಟಿಗೆ ಗೋಡೆಯ ಒಂದು ಭಾಗ ಬಳ್ಳಿ ಹಬ್ಬಿಸಿಕೊಂಡು ಇನ್ನೂ ನಿಂತಿದೆ. ಪ್ರತಿ ವರ್ಷ ಅಕ್ಟೋಬರ್ 13ರಂದು ಹಳೆಯ ಅಭಿಮಾನಿಗಳು ಅದರ ಬುಡದಲ್ಲಿ ಸೇರಿ, 1960ರ ವರ್ಲ್ಡ್ ಸೀರೀಸಿನ ಕೊನೆಯ ಪಂದ್ಯದ ರೇಡಿಯೊ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ.

ತಂದೆಯವರು ಆ ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಗೋಡೆಯಿಂದ ಆಚೆಗೆ ಹೆಜ್ಜೆ ಎಣಿಸುತ್ತ ನಡೆದು, ಮೂರನೆಯ ಬೇಸ್ ಯಾವ ದಿಕ್ಕಿಗಿತ್ತೆಂದು ಮೊಮ್ಮಗಳನ್ನು ಕೇಳಿದರು. ಅವಳು ಕೈಚಾಚಿ ತೋರಿಸಿದಳು. ವೀಸಾ ಅವಧಿ ಅಕ್ಟೋಬರ್ ಕೊನೆಯವರೆಗೆ ಇದೆ, 13ನೆಯ ತಾರೀಕಿಗೆ ಮತ್ತೆ ಬರೋಣ ಎಂದು ಕಾರಿನಲ್ಲಿ ಕುಳಿತ ಮೇಲೆ ಅವರೇ ಹೇಳಿದರು.